ದುಲ್ಸಿನಳ ಮನೆಯಲ್ಲಿ ಏಳು ಜನ

ನೀರಿಗೆಂದು ಬಾಗಿದ ದುಲ್ಸಿನಳ ಕೈಯಿಂದ ಹಗ್ಗ ಜಾರಿತು. ಶಿಲುಬೆ ನೆಟ್ಟ ಇಗರ್ಜಿಯ ಅಂಗಳದ ಬಾವಿಯಲ್ಲಿ ಬೇಸಿಗೆಯ ನೀರು ಸೊಂಟದಷ್ಟೂ ಇರಲಿಲ್ಲ. ಅದರಲ್ಲಿ ಲೋರ್ಸು ಅಜ್ಜ ಮುಖ ಅಡಿಯಾಗಿ ಬಿದ್ದಿದ್ದ. ಪಕ್ಕದಲ್ಲಿ ಅವನ ಕೊಡ.

ಅವಳು ಕಿರುಚಲಿಲ್ಲ. ಸುಲ್ತಾನನ ಪಟ್ಟಣದ ಸೆರೆಯಲ್ಲಿ ಹದಿನೈದು ವರ್ಷ ಕಳೆದವರಿಗೆ ಕಿರುಚುವುದು ಮರೆತೇ ಹೋಗಿತ್ತು. ಹೋಗಿ ನೆರೆಮನೆಯ ಬಾಗಿಲು ತಟ್ಟಿದಳು.

ನೇತ್ರಾವತಿ ದಂಡೆಯ ಆ ಕ್ರಿಸ್ತುವರ ಕೇರಿಗೆ ಸುದ್ದಿ ಹಬ್ಬಲು ಹೊತ್ತು ಹಿಡಿಯಲಿಲ್ಲ. ಸುಲ್ತಾನ ಸತ್ತು ವರ್ಷವಾಗಿತ್ತು. ಸೆರೆಯಿಂದ ಬದುಕಿ ಬಂದವರು ಮಣ್ಣಿನ ಗೋಡೆ ಎಬ್ಬಿಸಿಕೊಂಡಿದ್ದರು. ಆದರೂ ಹೆಂಗಸರು ಗಂಟು ಕಟ್ಟತೊಡಗಿದರು.

"ಸುಲ್ತಾನನ ಸಿಪಾಯಿಗಳು ಇನ್ನೂ ಕಾಡಲ್ಲಿ ಅಡಗಿದ್ದಾರಂತೆ. ಒಬ್ಬೊಬ್ಬರನ್ನೇ ಮುಗಿಸ್ತಾರಂತೆ," ಎಂದಳು ನೆರೆಮನೆಯ ನಾತಾಲ್.

"ಮುದುಕ ನೀರು ಸೇದುವಾಗ ಜಾರಿದ್ದು ಮಾರಾಯ್ರೆ. ಎಂತಕ್ಕೆ ಸುಮ್ಮನೆ ಹೆದರಿ ಸಾಯ್ತೀರಿ?" ಎಂದ ಕಾಜ್ಮೀರ್.

ಕಾಜ್ಮೀರ್ ಊರಿಗೆ ಮರಳಿ ವಾರವಷ್ಟೇ ಆಗಿತ್ತು. ಹಿಡಿದೊಯ್ಯುವಾಗ ಘಾಟಿ ಹತ್ತಿ ಮುಗಿಯುವವರೆಗೂ ನಿಮ್ಮ ಸಾಲಿನಲ್ಲೇ ಇದ್ದೆ, ಆಮೇಲೆ ನನ್ನನ್ನು ಬೇರೆ ಕೋಟೆಗೆ ಹಾಕಿದರು ಎಂದಿದ್ದ. ಯಾರೂ ಅನುಮಾನಪಡಲಿಲ್ಲ. ಆ ಸಾಲಿನಲ್ಲಿ ಯಾರು ಯಾರನ್ನು ನೋಡಿದ್ದರು? ಓದುಬರಹ ಬಲ್ಲವನು, ಅವನನ್ನೇ ಕೇರಿಯ ಮುಖಂಡ, ಗುರ್ಕಾರನನ್ನಾಗಿ ಮಾಡೋಣ ಎಂಬ ಮಾತೂ ನಡೆದಿತ್ತು.

ದುಲ್ಸಿನ್ ಆ ಕೊಡವನ್ನೇ ನೋಡುತ್ತಿದ್ದಳು. ಸೆರೆಯಲ್ಲಿ ಲೋರ್ಸುವನ್ನು ಕೈ ಹಿಂದಕ್ಕೆ ಕಟ್ಟಿ ತೂಗುಹಾಕಿದ್ದರು. ಆಮೇಲೆ ಅವನ ತೋಳು ಎದೆಗಿಂತ ಮೇಲೆ ಏಳಲೇ ಇಲ್ಲ. ನಾಚಿಕೆಯಿಂದ ಸದಾ ಕಂಬಳಿ ಹೊದ್ದಿರುತ್ತಿದ್ದ. ಅವನಿಗೆ ನೀರು ತಂದುಕೊಡುತ್ತಿದ್ದವಳು ಅವಳೇ.

ತಂಬಿಗೆ ಎತ್ತಲಾರದವನು ಕೊಡ ಸೇದಲು ಹೋಗುತ್ತಾನೆಯೇ?

*

"ಇದು ಜಾರಿ ಬಿದ್ದದ್ದಲ್ಲ, ದುಗ್ಗಣ್ಣನದೇ ಕೆಲಸ," ಎಂದರು ಗಂಡಸರು. ಲೋರ್ಸುವಿನ ಗದ್ದೆಯನ್ನು ಇಷ್ಟು ವರ್ಷ ಉಳುತ್ತಿದ್ದವನು ದುಗ್ಗಣ್ಣ. ಈಗ ಬಿಟ್ಟುಕೊಡಬೇಕಿತ್ತು.

ದುಲ್ಸಿನ್ ಒಬ್ಬಳೇ ಅವನ ಅಂಗಳಕ್ಕೆ ಹೋದಳು.

"ನನ್ನ ಮೇಲೆ ಹೊರಿಸ್ತಿದ್ದಾರಲ್ವಾ?" ದುಗ್ಗಣ್ಣ ಕಣ್ಣೊರೆಸಿಕೊಂಡ. "ನೀವು ಬಾರದ ದಿನ ಅವರಿಗೆ ಗಂಜಿ ಉಣಿಸಿದ್ದು ನಾನು. ಆ ಕೈಯಲ್ಲಿ ಅವರಿಗೆ ತುತ್ತು ಎತ್ತಲಿಕ್ಕೆ ಆಗ್ತದಾ? ಬಾವಿಗೆ ಎಂತಕ್ಕೆ ಹೋದರು ಅಂತ ನಾನೇ ಯೋಚನೆ ಮಾಡ್ತಾ ಇದ್ದೇನೆ."

ಅಷ್ಟು ಸಾಕಾಯಿತು. ಆ ಕೈಯ ಸಂಗತಿ ಗೊತ್ತಿದ್ದವನು ಬಾವಿಗೆ ಕೊಡ ಎಸೆದು ನಾಟಕ ಹೂಡುತ್ತಿರಲಿಲ್ಲ. ಸೆರೆಯಿಂದ ಬಂದವರೆಲ್ಲರಿಗೂ ಗೊತ್ತಿತ್ತು. ದುಗ್ಗಣ್ಣನಿಗೂ ಗೊತ್ತಿತ್ತು. ಗೊತ್ತಿಲ್ಲದವನು ಯಾರು?

"ಅಜ್ಜ ನಿನ್ನೆ ಏನಾದರೂ ಹೇಳಿದ್ದರಾ?"

"ಒಬ್ಬನ ಹತ್ತಿರ ಒಂದು ಮಾತು ಕೇಳ್ಲಿಕ್ಕುಂಟು ಅಂದರು. ಯಾರ ಹತ್ತಿರ ಅಂತ ಹೇಳ್ಲಿಲ್ಲ."

ದಾರಿಯಲ್ಲಿ ದುಲ್ಸಿನಳಿಗೆ ಭಾನುವಾರದ ಕೂಟ ನೆನಪಾಯಿತು. ಕರಾವಳಿಯಿಂದ ಎಷ್ಟು ಕ್ರಿಸ್ತುವರನ್ನು ಹಿಡಿದೊಯ್ದರು ಎಂದು ಪಾದ್ರಿ ಅಂದಾಜು ಮಾಡುತ್ತಿದ್ದರು. ಮೂವತ್ತು ಸಾವಿರ ಎನ್ನುವವರಿದ್ದರು, ಎಂಬತ್ತು ಎನ್ನುವವರೂ ಇದ್ದರು. ಕೇರಿ ಕೇರಿಯ ಲೆಕ್ಕ ಸಿಕ್ಕಿದರೆ ಕೂಡಿಸಬಹುದು ಎಂದು ಪಾದ್ರಿ ಎಲ್ಲರನ್ನೂ ಕೇಳಿದ್ದರು.

"ಇರುವೆ ಸಾಲಿನ ಹಾಗೆ ಇದ್ದೆವು," ಎಂದಿದ್ದಳು ನಾತಾಲ್. "ಕತ್ತೆತ್ತಿದರೆ ಬಾರುಕೋಲು. ಎಣಿಸಿದ್ದು ಯಾರು?"

ಆಗ ಕಾಜ್ಮೀರ್ ಎದ್ದು ಮನೆಮನೆಯ ಲೆಕ್ಕ ಹೇಳಿದ್ದ. ತಡವರಿಸದೆ. "ನಾತಾಲಳ ಮನೆಯಲ್ಲಿ ಕೂಸು ಸೇರಿ ಐದು. ದುಲ್ಸಿನಳ ಮನೆಯಲ್ಲಿ ಏಳು." ಎಲ್ಲರೂ ಅವನ ನೆನಪಿನ ಶಕ್ತಿಗೆ ತಲೆದೂಗಿದ್ದರು. ಲೋರ್ಸು ಮಾತ್ರ ಅವಳತ್ತ ತಿರುಗಿ ನೋಡಿದ್ದ.

ಏಳು. ದುಲ್ಸಿನ್ ದಾರಿಯಲ್ಲೇ ನಿಂತು ತನ್ನ ಮನೆಯವರನ್ನು ಬೆರಳು ಮಡಚಿ ಎಣಿಸಿದಳು.

*

ಹೆಣ ಮಣ್ಣು ಮಾಡಿದ ಮೇಲೆ ಯಾರೂ ಕದಲಲಿಲ್ಲ. ದುಗ್ಗಣ್ಣನೂ ಬೇಲಿಯಾಚೆ ನಿಂತಿದ್ದ. ದುಲ್ಸಿನ್ ಮುಂದೆ ಬಂದು ಕೇಳಿದಳು.

"ಕಾಜ್ಮೀರ್, ನನ್ನ ಮನೆಯಿಂದ ಎಷ್ಟು ಜನ ಹೋದೆವು?"

"ಹೇಳಿದೆನಲ್ಲ ಅಕ್ಕ. ಏಳು."

"ಎಂಟು. ಸಿಪಾಯಿಗಳು ಬಂದದ್ದು ಬೆಳಗಾಗುವಾಗ. ಆ ರಾತ್ರಿಯೇ ನನಗೆ ಹೆಣ್ಣು ಮಗು ಹುಟ್ಟಿತ್ತು."

ಕಾಜ್ಮೀರ್ ನಗಲು ನೋಡಿದ. "ಎಳೆಗೂಸನ್ನು ಯಾರು ಲೆಕ್ಕ ಹಿಡೀತಾರೆ?"

"ನಾತಾಲಳ ಕೂಸನ್ನು ನೀನು ಲೆಕ್ಕಕ್ಕೆ ಹಿಡಿದಿದ್ದೀ."

ನಾತಾಲ್ ಬಾಯಿಗೆ ಸೆರಗು ಒತ್ತಿಕೊಂಡಳು.

"ನನ್ನ ಮಗು ಘಾಟಿಯಲ್ಲಿ ಸತ್ತಿತು. ಕಲ್ಲು ನೆಲ ತೋಡಿ ಹೂತದ್ದು ಲೋರ್ಸು ಅಜ್ಜ. ಆಗ ಅವರ ಕೈ ಗಟ್ಟಿ ಇತ್ತು. ಸಾಲಿಗೆ ಸಾಲೇ ನಿಂತು ಅತ್ತಿತು. ನಮ್ಮ ಜೊತೆ ನಡೆದವನಿಗೆ ಅದು ಗೊತ್ತಿರಬೇಕು. ನಿನಗೆ ಗೊತ್ತಿರುವುದು ನಾವು ಹೊರಡುವ ಮೊದಲಿನ ಲೆಕ್ಕ. ಸಿಪಾಯಿಗಳ ಕೈಯಲ್ಲಿ ಪಟ್ಟಿ ಇತ್ತು. ನಮ್ಮನ್ನು ಹಿಡಿಯುವ ಮುಂಚೆ ಯಾರೋ ಮನೆಮನೆ ಎಣಿಸಿ ಸುಲ್ತಾನನ ಕಡೆಯವರಿಗೆ ಕೊಟ್ಟಿದ್ದರು. ಅಜ್ಜ ಅದನ್ನೇ ಕೇಳ್ಲಿಕ್ಕೆ ನಿನ್ನ ಹತ್ತಿರ ಬಂದರು. ಅಲ್ವಾ?"

"ಹುಚ್ಚು ಹಿಡಿದಿದೆ ನಿಂಗೆ! ಮುದುಕ ಕೊಡ ಸೇದುವಾಗ..."

"ಅವರಿಗೆ ಕೈ ಎತ್ತಲಿಕ್ಕೇ ಆಗ್ತಿರಲಿಲ್ಲ. ಸೆರೆಯಲ್ಲಿದ್ದ ಯಾರನ್ನಾದರೂ ಕೇಳು. ಈ ಕೇರಿಯಲ್ಲಿ ಅದು ಗೊತ್ತಿಲ್ಲದವನು ನೀನೊಬ್ಬನೇ."

ಕಾಜ್ಮೀರ್ ಹಿಂದೆ ಸರಿದ. ಬೇಲಿಯ ಬಳಿ ದುಗ್ಗಣ್ಣ ಅಡ್ಡ ನಿಂತ. ಕಾಜ್ಮೀರ್ ಅವನನ್ನು ತಳ್ಳಿ ನೋಡಿದ, ಆಗದೆ ಮಣ್ಣಿನ ಮೇಲೆ ಕೂತ.

"ಕಂದಾಯಕ್ಕೆ ಅಂದರು. ಬರೀ ಕಂದಾಯಕ್ಕೆ. ಎಣಿಸಿ ಕೊಟ್ಟೆ. ಹಿಡಿದುಕೊಂಡು ಹೋಗ್ತಾರೆ ಅಂತ ಗೊತ್ತಿರಲಿಲ್ಲ. ಆಮೇಲೆ ಹೆದರಿ ಊರು ಬಿಟ್ಟೆ."

"ಅಜ್ಜ?" ಪಾದ್ರಿ ಕೇಳಿದರು.

"ಎಲ್ಲರ ಎದುರು ಹೇಳ್ತೇನೆ ಅಂದರು. ನೀವು ನನ್ನನ್ನು ಸಿಗಿದು ಹಾಕ್ತಿದ್ದಿರಿ..."

"ಇಡೀ ಕರಾವಳಿಯ ಲೆಕ್ಕ ನಿನಗೆ ಗೊತ್ತುಂಟಾ?"

ಅವನು ತಲೆಯಲ್ಲಾಡಿಸಿದ. "ನನಗೆ ಗೊತ್ತಿರುವುದು ನನ್ನ ಕೇರಿಯದು ಮಾತ್ರ ಪಾದ್ರಿಗಳೇ. ಒಂದೊಂದು ಕೇರಿಗೂ ಒಬ್ಬೊಬ್ಬ ಇದ್ದ."

ನೆರೆದವರು ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ.

ಗಂಡಸರು ಕಾಜ್ಮೀರನ ಕೈ ಕಟ್ಟಿ, ಮಂಗಳೂರಿನ ಠಾಣೆಗೆಂದು ದೋಣಿ ಹತ್ತಿಸಿದರು. ದೋಣಿ ಮರೆಯಾಗುವವರೆಗೂ ಪಾದ್ರಿ ದಡದಲ್ಲೇ ನಿಂತಿದ್ದರು.

"ಪಕ್ಕದ ಕೇರಿಯ ಲೆಕ್ಕವನ್ನೂ ಕೇಳಬೇಕಿತ್ತು ದುಲ್ಸಿನ್. ಈಗ ಯಾರು ಹೋಗ್ತಾರೆ?"

"ನಾನೇ ಹೋಗ್ತೇನೆ." ಅವಳು ಸೆರಗು ಬಿಗಿದಳು. "ಗೊತ್ತಿಲ್ಲ ಅಂದವರ ಮನೆಯಲ್ಲಿ ಕೂತು ನೀರು ಕುಡಿದು ಬರ್ತೇನೆ. ಯಾರಾದರೂ ತಡವರಿಸದೆ ಲೆಕ್ಕ ಹೇಳಿದರೆ, ಅಲ್ಲಿಂದ ಓಡಿ ಬರ್ತೇನೆ."