ದುಂಡು ಚಿನ್ನ, ಮೊನಚು ಚಿನ್ನ

ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನನ್ನ ಮಗ ಎದೆನೋವಿಂದ ಸತ್ತಿಲ್ಲ ಸಾರ್. ಅಂಗಡೀಲಿ ಕಾಫಿ ಕುಡಿದೋನು ಅಲ್ಲೇ ಕುಸಿದ. ಕೊಟ್ಟೋನು ಅವನ ಪಾಲುದಾರ."

ಅದು ಸೈಕಲ್ ರಿಪೇರಿ ಅಂಗಡಿ. ಮಗ ಪಾಲು ಬಿಟ್ಟು ಎದುರಿಗೇ ಸ್ವಂತ ಅಂಗಡಿ ಇಡಲು ಹೊರಟಿದ್ದ. ಶವದ ದಹನ ಆಗಲೇ ಮುಗಿದಿತ್ತು. ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಅಂಗಡಿಯಲ್ಲಿ ಪಂಚನಾಮೆ ಮಾಡಿಸಿದರು. ಸಿಕ್ಕಿದ್ದು ತೊಳೆದು ಬೋರಲು ಹಾಕಿದ್ದ ಒಂದು ಲೋಟ ಮಾತ್ರ. ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸಿದರು.

ವಾರದ ಮೇಲೆ ವರದಿ ಬಂತು: ವಿಷದ ಅಂಶ ಕಂಡುಬಂದಿಲ್ಲ.

ಪ್ರಕರಣ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ತಾಯಿ ದಿನವೂ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಆಕೆಗೆ ಏನೆಂದು ಹೇಳುವುದು? ಮೊದಲು ತಮಗೇ ಅರ್ಥವಾಗಲೆಂದು ಇನ್ಸ್‌ಪೆಕ್ಟರ್ ವರದಿ ಹಿಡಿದು, ಕಾನ್‌ಸ್ಟೆಬಲ್ ಜೊತೆ ಪ್ರಯೋಗಾಲಯದ ಮುಖ್ಯಸ್ಥರ ಬಳಿ ಹೋದರು.

ವರದಿಯಲ್ಲಿದ್ದ ಫೋಟೊ ನೋಡಿ ಮುಖ್ಯಸ್ಥರು ಹುಬ್ಬು ಗಂಟಿಕ್ಕಿದರು. "ಪರೀಕ್ಷೆಗೆ ಬೆರೆಸಿದ ದ್ರಾವಣ ಕೆಂಪಗಿದೆಯಲ್ಲ? ಇದರಲ್ಲಿರೋದು ಚಿನ್ನದ ದುಂಡು ಕಣ. ಇಷ್ಟು ಅಲ್ಪ ಅಂಶ ಹುಡುಕೋಕೆ ನಾವು ನೀಲಿ ದ್ರಾವಣ ಹಾಕ್ತೀವಿ. ಅದೂ ಚಿನ್ನವೇ. ಕಣ ಮಾತ್ರ ನಕ್ಷತ್ರದ ಹಾಗೆ ಮೊನಚು."

"ನೀಲಿ ಚಿನ್ನಾನಾ?" ಕಾನ್‌ಸ್ಟೆಬಲ್ ನಕ್ಕ. "ಇಂಥದ್ದು ಮಾಡಿಸಿ ಕೊಟ್ರೆ ನನ್ನಾಕೆ ಮನೆಗೇ ಸೇರಿಸಲ್ಲ."

ಪರೀಕ್ಷೆಗೆಂದು ಪ್ರಯೋಗಾಲಯದಲ್ಲಿ ಲೋಟ ತೊಳೆದು ತೆಗೆದಿಟ್ಟಿದ್ದ ನೀರಿಗೆ ಮುಖ್ಯಸ್ಥರು ಮೊದಲು ಕೆಂಪು ಬೆರೆಸಿ ಲೇಸರ್ ಹಾಯಿಸಿದರು. ಪರದೆಯ ಗೆರೆ ಮಲಗಿಯೇ ಇತ್ತು. ಇನ್ನೊಂದು ಹನಿಗೆ ನೀಲಿ ಬೆರೆಸಿದರು. ಗೆರೆ ಎದ್ದು ನಿಂತಿತು! ಪಕ್ಕದಲ್ಲಿ ಕೀಟನಾಶಕದ ಗೆರೆ ತೋರಿಸಿದರು. ಏರಿಗೆ ಏರು, ಇಳಿತಕ್ಕೆ ಇಳಿತ ಹೊಂದಿತು.

"ಮೊನೆಯಲ್ಲಿ ಬೆಳಕು ಒತ್ತಾಗಿ ಸೇರುತ್ತೆ. ಅಲ್ಲಿ ಕೂತ ಅಣು ಚದುರಿಸೋ ಬೆಳಕು ಲಕ್ಷಪಟ್ಟು ಜೋರಾಗುತ್ತೆ. ಅದರಲ್ಲೇ ಅಣುವಿನ ಗುರುತು."

ಇನ್ಸ್‌ಪೆಕ್ಟರ್‌ಗೆ ಮೈ ಜುಮ್ಮೆಂದಿತು. ಅದೇ ನೀರು, ಅದೇ ಬೆಳಕು, ಅದೇ ಚಿನ್ನ. ಎಂಥೆಂಥ ಕಳ್ಳರ ಬಾಯಿ ಬಿಡಿಸಿದವರು ಅವರು. ಕಣ್ಣಿಗೂ ಕಾಣದ ಮೊನೆಯೊಂದು ತೊಳೆದ ಲೋಟದ ಬಾಯಿ ಬಿಡಿಸಿತ್ತು. ವರದಿಯ ಫೋಟೊ ಮುಂದೆ ಹಿಡಿದು ಕೇಳಿದರು.

"ದುಂಡು ಹಾಕಿದ್ದು ಯಾರು?"

ಪಕ್ಕದ ಮೇಜಿನ ಪರೀಕ್ಷಕಿ ಎದ್ದು ನಿಂತಳು. "ನಾನು."

"ಗೊತ್ತಿಲ್ದೇನಾ?"

"ಗೊತ್ತಿದ್ದೇ."

"ಯಾಕೆ?"

"ಆ ಪಾಲುದಾರ ನನ್ನ ತಮ್ಮ ಸಾರ್."

ಸಂಜೆಯೊಳಗೆ ತಮ್ಮನ ಬಂಧನವಾಯಿತು. "ಅವನು ಹೋದ್ರೆ ಗಿರಾಕಿಗಳೂ ಅವನ ಹಿಂದೇನೇ ಹೋಗ್ತಿದ್ರು. ಅವರು ಬರ್ತಿದ್ದಿದ್ದೇ ಅವನಿಗೋಸ್ಕರ," ಎಂದ. ಸಾಕ್ಷ್ಯ ಮರೆಮಾಚಿದ್ದಕ್ಕೆ ಅಕ್ಕನನ್ನೂ ಠಾಣೆಗೆ ಕರೆತಂದರು. ಬಾಗಿಲಲ್ಲಿ ನಿಂತಿದ್ದ ತಾಯಿಯ ಎದುರು ಅವಳು ನಿಂತಳು.

"ಅಮ್ಮ ಹೋದ್ಮೇಲೆ ಅವನನ್ನ ಸಾಕಿದ್ದು ನಾನೇ," ಎಂದಳು. "ಹೇಗೆ ಕೈಬಿಡ್ಲಿ ಹೇಳಿ?"

ತಾಯಿ ಬಯ್ಯಲಿಲ್ಲ, ಶಪಿಸಲೂ ಇಲ್ಲ.

"ನಿನ್ ತಮ್ಮ ಜೈಲಲ್ಲಾದ್ರೂ ಇರ್ತಾನಲ್ಲಮ್ಮ," ಎಂದಳು.