ಕೊನೇಬೆಂಚಿನ ಪ್ರಶ್ನೆ

“ಮಿಸ್, ಇವನು ನನ್ನ ಪೆನ್ಸಿಲ್ ಕಿತ್ಕೊಂಡ!”

ಹೀಗೆ ದೂರು ಹೇಳಿದವನಿಗೆ ಮೀಸೆ ಬಂದಿತ್ತು. ಕಿತ್ತುಕೊಂಡವನು ಹಿಂದಿನ ವಾರವಷ್ಟೇ ಡ್ರೈವಿಂಗ್ ಲೈಸೆನ್ಸ್ ಮಾಡಿಸಿಕೊಂಡಿದ್ದ. ಪಿಯುಸಿ ಮುಗಿಸಿ, ಡಿಗ್ರಿಯ ಜೊತೆಗೇ ಪಾಠ ಹೇಳುವುದನ್ನೂ ಕಲಿಯಲು ಬಂದವರ ಕಾಲೇಜು ಅದು. ಅಭ್ಯಾಸದ ಪಾಠದಲ್ಲಿ ಸರದಿಯಂತೆ ಒಬ್ಬರು ಟೀಚರ್ ಆದರೆ ಉಳಿದವರೆಲ್ಲ ಮೂರನೇ ಕ್ಲಾಸಿನ ಮಕ್ಕಳಾಗಬೇಕು. ಮೇಡಂ ಕ್ಲಾಸಿನ ಹಿಂಭಾಗದಲ್ಲಿ ಗೋಡೆಗೊರಗಿ ಕೂತು ನೋಡುತ್ತಿರುತ್ತಾರೆ. ಮಗು ಏನೇ ಕೇಳಲಿ, ಗದರುವಂತಿಲ್ಲ, ಮಾತು ತೇಲಿಸುವಂತಿಲ್ಲ, ನಿಜವನ್ನೇ ಹೇಳಬೇಕು. ಮೇಡಂ ಅವರ ಕಟ್ಟುನಿಟ್ಟು ಅದೊಂದೇ.

ಅವತ್ತು ಚಾಕ್‌ಪೀಸ್ ಹಿಡಿದು ಟೀಚರ್ ಆಗಿದ್ದವಳು ಬೇರೆ ಊರಿನ ಹುಡುಗಿ. ಊರು ಬಿಟ್ಟು ಬಂದು ಎಷ್ಟು ದಿನವಾದರೂ ಹಾಸ್ಟೆಲಿನಲ್ಲಿ ಅವಳ ಜೊತೆ ಯಾರೂ ಕೂತು ಹರಟಿದ್ದಿಲ್ಲ. ಅವರದೇನೂ ತಪ್ಪಲ್ಲ. ಅವಳ ಬಾಯಿಗೇ ಬೀಗ.

“ಪೆನ್ಸಿಲ್ ಕೊಟ್ಬಿಡು ಪುಟ್ಟ. ಇಬ್ಬರೂ ಸೇರ್ಕೊಂಡು ಬರೀರಿ.”

“ಅವನ ಜೊತೆ ಠೂ ಬಿಟ್ಟಿದೀನಿ ಮಿಸ್.”

“ಹಾಗಾದ್ರೆ ಇಲ್ಲಿ ಬಾ, ನನ್ನ ಪಕ್ಕ ಕೂತ್ಕೋ.”

ಆ ಮೀಸೆಯ ಮಗು ನಿಜಕ್ಕೂ ಎದ್ದು ಬಂತು. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಕತ್ತೆತ್ತಿ ಅವಳನ್ನೇ ನೋಡಿತು. ಮುಖವೆಲ್ಲ ಪಾಪದ ಪ್ರಾಣಿ, ಕಣ್ಣು ಮಾತ್ರ ಪೋಲಿ. ಅವಳು ನಕ್ಕುಬಿಟ್ಟಳು. ತನ್ನ ನಗುವಿನ ಸದ್ದು ಅವಳಿಗೇ ಹೊಸದೆನಿಸಿತು.

ಎಲ್ಲರೂ ಆ ಮೀಸೆಯವನನ್ನು ಕೊನೇಬೆಂಚು ಎಂದೇ ಕರೆಯುತ್ತಿದ್ದರು. ತಮಾಷೆಯೆಂದರೆ, ಕ್ಲಾಸಿನಲ್ಲಿ ಅಷ್ಟು ಮಾತಾಡುವವನು ಹೊರಗೆ ಅವಳು ಎದುರಾದರೆ ಮೂಕನಾಗುತ್ತಿದ್ದ.

“ಊಟ ಆಯ್ತಾ?”

“ಹೂಂ. ನಿಮ್ಮದು?”

“ಆಯ್ತು.”

ಅಷ್ಟೇ. ಆಮೇಲೆ ಅವನು ಆ ಕಡೆ, ಅವಳು ಈ ಕಡೆ. ಮತ್ತೆ ಅವಳ ಪಾಠದ ಸರದಿ ಬರುವ ತನಕ ಕಾಯಬೇಕು. ಮೆಸ್ಸಿನ ಉದ್ದನೆಯ ಟೇಬಲ್ಲಿನ ತುದಿಯಲ್ಲಿ ಒಬ್ಬಳೇ ತಟ್ಟೆ ಮುಂದಿಟ್ಟುಕೊಂಡು, ಈ ಸಲ ಯಾವ ತಂಟೆ ತರುತ್ತಾನೋ ಎಂದು ಯೋಚಿಸುತ್ತಾ ಅವಳು ತುತ್ತು ನುಂಗುತ್ತಿದ್ದಳು.

ವರ್ಷದ ಕೊನೆಗೆ ಎಲ್ಲರೂ ತಮ್ಮ ದಾರಿ ಆರಿಸಿಕೊಳ್ಳಬೇಕಿತ್ತು. ಗಣಿತ, ವಿಜ್ಞಾನ ಹಿಡಿದು ಹೈಸ್ಕೂಲ್ ಟೀಚರ್ ಆಗಬಹುದು. ನರ್ಸರಿ ಮಕ್ಕಳ ಕಡೆ ಹೋಗಬಹುದು. ಕಿವಿ ಕೇಳದ ಮಕ್ಕಳಿಗೆ ಕಲಿಸುವುದನ್ನೂ ಓದಬಹುದು, ಆದರೆ ಅದಕ್ಕೆ ದೂರದ ಊರಿನ ಇನ್ನೊಂದು ಕ್ಯಾಂಪಸ್ಸಿಗೆ ಹೋಗಬೇಕು.

ಅವಳು ಈ ಕಾಲೇಜಿಗೆ ಸೇರಿದ್ದೇ ಅದಕ್ಕಾಗಿ. ಅಕ್ಕನ ಮಗಳಿಗೆ ಕಿವಿ ಕೇಳುವುದಿಲ್ಲ. ಬೀದಿ ಮಕ್ಕಳೆಲ್ಲ ಆಡುವಾಗ ಆ ಮಗು ಮಾತ್ರ ಮೆಟ್ಟಿಲ ಮೇಲೆ ಕೂತು ಎಲ್ಲರ ತುಟಿಗಳನ್ನು ನೋಡುತ್ತಿರುತ್ತದೆ. ಒಮ್ಮೆ ಪಾಠದ ನಡುವೆ ಅವಳು ಇದನ್ನು ಹೇಳಿದಾಗ, ಕೊನೇಬೆಂಚು ತಂಟೆ ಮರೆತು, “ಆ ಮಗು ಜೊತೆ ಯಾರೂ ಆಡಲ್ವಾ ಮಿಸ್?” ಎಂದು ಕೇಳಿದ್ದ.

ಅವನು ನರ್ಸರಿಗೆ ಹೆಸರು ಬರೆಸಿದ. “ನನ್ನ ಬುದ್ಧಿಗೆ ಅದೇ ಸರಿಹೋಗೋದು,” ಎಂದನಂತೆ. ಅವಳು ಆಫೀಸಿನ ಕಿಟಕಿಯ ಮುಂದೆ ತುಂಬ ಹೊತ್ತು ನಿಂತಳು. ಮತ್ತೆ ಹೊಸ ಊರು, ಮತ್ತೆ ಟೇಬಲ್ಲಿನ ತುದಿ. “ನಂದೂ ನರ್ಸರಿಗೇ ಹಾಕ್ಕೊಳ್ಳಿ ಸರ್,” ಎಂದಳು.

ಮರುದಿನ ಅವಳ ಕೊನೆಯ ಪಾಠ. ಕೊನೇಬೆಂಚು ಕೈಯೆತ್ತಿದ. ಇವತ್ತು ಅವನ ಕಣ್ಣಿನಲ್ಲಿ ಪೋಲಿತನವಿರಲಿಲ್ಲ.

“ಮಿಸ್, ನೀವು ಕಿವಿ ಕೇಳದ ಮಕ್ಕಳ ಹತ್ರ ಹೋಗಲ್ವಂತೆ. ಆಫೀಸ್ ಸರ್ ಹೇಳಿದ್ರು. ಯಾಕೆ ಮಿಸ್?”

ಅವಳು ಮೇಡಂ ಕಡೆ ನೋಡಿದಳು. ಮೇಡಂ, “ಮಗು ಕೇಳ್ತಿದೆಯಲ್ಲಮ್ಮ, ಹೇಳು,” ಎಂದರು.

“ಈ ಕ್ಲಾಸಲ್ಲಿ ಒಬ್ಬ ಇದಾನೆ,” ಎಂದಳು ಅವಳು, ನೆಲ ನೋಡುತ್ತಾ. “ಅವನೊಬ್ಬನೇ ನನ್ನ ಜೊತೆ ಮಾತಾಡೋದು. ಅವನನ್ನ ಬಿಟ್ಟು ಹೋಗೋಕೆ ನಂಗೆ ಭಯ.”

ಅವನು ಎದ್ದು ನಿಂತ. ದನಿ ಮಗುವಿನದಾಗಿರಲಿಲ್ಲ.

“ಅವನಿಗೂ ಭಯಾನೇ. ನೀವಿಲ್ದೆ ಏನ್ಮಾಡೋದು ಅಂತ ಅವನೂ ಯೋಚಿಸ್ತಾ ಇದ್ದ. ನೀವಂದ್ರೆ ಅವನಿಗೆ ಪ್ರಾಣ. ಆದ್ರೆ ಆ ಮಗು ಮೆಟ್ಟಿಲ ಮೇಲೆ ಕೂತಿರುವಾಗ ನೀವು ಅವನಿಗೋಸ್ಕರ ಇಲ್ಲೇ ಉಳಿದ್ರೆ, ಅವನು ನಿಮ್ಮ ಮುಖ ಹೇಗೆ ನೋಡ್ತಾನೆ?”

ಮೇಡಂ ಕನ್ನಡಕ ಒರೆಸಿಕೊಂಡರು. “ಆಫೀಸು ಸಂಜೆವರೆಗೂ ತೆಗೆದಿರುತ್ತೆ,” ಎಂದರು, ಯಾರಿಗೋ ಹೇಳಿದ ಹಾಗೆ.

ರಜೆ ಮುಗಿದ ಮೇಲೆ, ಅವಳು ಹೊಸ ಕ್ಯಾಂಪಸ್ಸಿಗೆ ಹೊರಟ ದಿನ, ಅವನು ಬಸ್ ಸ್ಟ್ಯಾಂಡಿಗೆ ಬಂದ. ಅವಳ ಸೂಟ್‌ಕೇಸ್ ಹತ್ತಿಸಿ, ಕಿಟಕಿಯ ಕೆಳಗೆ ನಿಂತ.

“ಅಲ್ಲಿ ಒಂಟಿ ಅನ್ನಿಸಿದ್ರೆ?”

“ಅನ್ನಿಸುತ್ತೆ.”

“ನಂಗೂ ಅನ್ನಿಸುತ್ತೆ ಇಲ್ಲಿ.” ಅವನು ಕಿಟಕಿಯ ಸರಳು ಹಿಡಿದು, “ಇಬ್ಬರಿಗೂ ಊಟದ ಹೊತ್ತಲ್ಲೇ ಅನ್ನಿಸ್ಲಿ,” ಎಂದ. “ಫೋನ್ ಮಾಡ್ತೀನಿ. ಮಾತು ಸಿಗದೆ ಹೋದ್ರೆ ಸುಮ್ನೆ ಉಣ್ಣೋಣ.”

ಬಸ್ಸು ಹೊರಟಿತು. ಪಕ್ಕದ ಸೀಟು ಖಾಲಿಯಿತ್ತು. ಯಾರಾದರೂ ಬಂದು ಕೂರಲಿ ಎಂದು ಅವಳು ಬ್ಯಾಗನ್ನು ಅದರ ಮೇಲಿಡಲಿಲ್ಲ, ತೊಡೆಯ ಮೇಲೇ ಇಟ್ಟುಕೊಂಡಳು.