‘ತೆಗಿ’ ಎಂದ ದನಿ

ಮಾರ್ಚ್ ಹದಿನಾಲ್ಕರ ಬೆಳಿಗ್ಗೆ ಏಳು ಗಂಟೆ ದಾಟಿದ ಹೊತ್ತಿಗೆ ಜೇನು ಸಾಕುವ ಹೆಂಗಸೊಬ್ಬಳು ಠಾಣೆಯ ಮೆಟ್ಟಿಲು ಹತ್ತಿ ಬಂದಳು. ಮುಂಗೈ ಮೇಲೆ ಒಣಗಿದ ರಕ್ತವಿತ್ತು, ಅವಳದಲ್ಲ. ಊರಾಚೆ, ಸುತ್ತ ಹೊಲ ಬಿಟ್ಟರೆ ಇನ್ನೊಂದು ಮನೆಯಿಲ್ಲದ ಕಡೆ ಅವಳ ತೋಟದ ಮನೆ. ಗಂಡ ಲಾರಿ ಓಡಿಸುವವನು, ಮನೆಗೆ ಬರುವುದೇ ಅಪರೂಪ. ಹಿಂದಿನ ರಾತ್ರಿ ಅಲ್ಲಿದ್ದವರು ಅವಳು ಮತ್ತು ಬೇಸರ ಕಳೆಯಲೆಂದು ಬಂದಿದ್ದ ಅವಳ ನಾದಿನಿ. ನಾದಿನಿ ಈಗ ತಲೆಗೆ ಪೆಟ್ಟು ಬಿದ್ದು ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದಳು.

ಇನ್‌ಸ್ಪೆಕ್ಟರ್ ಮೇಡಂ ಅವಳಿಗೆ ಕುರ್ಚಿ ತೋರಿಸಿ, ನೀರು ಕೊಡಿಸಿ, ನೇರ ವಿಷಯಕ್ಕೆ ಬಂದರು.

“ಎಷ್ಟು ಜನ?”

“ಒಬ್ಬನೇ.”

“ನೋಡಿದ್ರಾ?”

“ಇಲ್ಲ ಮೇಡಂ. ದನಿ ಕೇಳಿದ್ದೀನಿ. ಇದು ಮೊದಲನೇ ಸಲ ಅಲ್ಲ. ಹಿಂದೆ ಮೂರು ಸಲ ಬಂದಿದ್ದ. ಬಾಗಿಲ ಹತ್ರ ನಿಂತು ‘ಅಮ್ಮಾ, ಬಾಗಿಲು ತೆಗಿ’ ಅಂತಿದ್ದ. ಬಡೀತಿರ್ಲಿಲ್ಲ, ಕೂಗ್ತಿರ್ಲಿಲ್ಲ. ಸ್ವಲ್ಪ ಹೊತ್ತು ಕಾದು ಹೊರಟು ಹೋಗ್ತಿದ್ದ.”

“ನೀವು ತೆಗೀಲಿಲ್ಲ.”

“ನನ್ನನ್ನ ಅಮ್ಮಾ ಅನ್ನೋರು ಯಾರಿದ್ದಾರೆ ಮೇಡಂ? ನನಗೆ ಮಕ್ಕಳಿಲ್ಲ. ಅಡುಗೆಮನೆ ಮೂಲೇಲಿ ಬಾಯಿಗೆ ಬಟ್ಟೆ ಒತ್ಕೊಂಡು ಕೂತಿರ್ತಿದ್ದೆ. ನಾದಿನಿ ಹೆದರ್ತಾಳೆ ಅಂತ ಅವಳಿಗೆ ಹೇಳಿರ್ಲಿಲ್ಲ. ಅವಳಿಗೆ ಇಬ್ಬರು ಗಂಡುಮಕ್ಕಳು. ನಿನ್ನೆ ರಾತ್ರಿ ದನಿ ಕಿವಿಗೆ ಬಿದ್ದಿದ್ದೇ ತಡ, ನಾನು ಬೇಡ ಅನ್ನೋಷ್ಟರಲ್ಲಿ ಎದ್ದು ಹೋಗಿ ಚಿಲಕ ತೆಗೆದುಬಿಟ್ಟಳು.”

ಅಲ್ಲಿಯವರೆಗೆ ಗಟ್ಟಿಯಾಗಿ ಕೂತಿದ್ದವಳು ಆಗ ಅತ್ತಳು.

“ಆ ಮನೆಗೆ ಒಂದೊಂದು ಇಟ್ಟಿಗೇನೂ ನಾನೇ ಆರಿಸಿ ತಂದಿದ್ದು. ಆದರೆ ಇವನು ಸಿಗೋವರೆಗೂ ಅಲ್ಲಿ ಮಲಗೋಕೆ ನನ್ನ ಕೈಲಾಗಲ್ಲ. ಸಿಗಲಿಲ್ಲ ಅಂದ್ರೆ ಜೇನುಪೆಟ್ಟಿಗೆ ಯಾರಿಗಾದ್ರೂ ಕೊಟ್ಟು, ಕದ ಮುಚ್ಚಿ ಹೊರಟು ಹೋಗ್ತೀನಿ.”

ಅಕ್ರಮ ಪ್ರವೇಶ ಮತ್ತು ತೀವ್ರ ಗಾಯ ಎಂದು ಎಫ್‌ಐಆರ್ ದಾಖಲಾಯಿತು. ಅವಳನ್ನೂ ಸಾಕ್ಷಿಗೆಂದು ಇಬ್ಬರು ಪಂಚರನ್ನೂ ಹತ್ತಿಸಿಕೊಂಡು ಜೀಪು ತೋಟದ ಮನೆಗೆ ಹೊರಟಿತು. ಜೊತೆಗೆ ಹೆಡ್ ಕಾನ್‌ಸ್ಟೇಬಲ್. ಅವನನ್ನು ಠಾಣೆಯಲ್ಲಿ ಎಲ್ಲರೂ ರೇಡಿಯೋ ಎಂದೇ ಕರೆಯುತ್ತಿದ್ದರು, ಯಾಕೆಂದರೆ ಅವನ ಬಾಯಿಗೆ ಬೀಗವಿರಲಿಲ್ಲ. ದಾರಿಯುದ್ದಕ್ಕೂ ಅವನು ಇದು ಮನುಷ್ಯರ ಕೆಲಸವಲ್ಲ, ಸತ್ತವರದು ಎಂದು ಪಂಚರ ತಲೆ ತಿಂದ.

ಹಗಲಿನಲ್ಲೂ ಆ ಮನೆ ಯಾರೋ ಉಸಿರು ಹಿಡಿದು ನಿಂತ ಹಾಗಿತ್ತು. ಪೆಟ್ಟಿಗೆಗಳ ಗುಂಯ್‌ಗುಡುವಿಕೆ ಬಿಟ್ಟರೆ ಸದ್ದಿಲ್ಲ. ಒಳಗೆ ಮೇಜಿನ ಮೇಲೆ ಬಳೆ, ಮೊಬೈಲು ಇದ್ದಲ್ಲೇ ಇದ್ದವು. ಬಾಗಿಲಿನಿಂದ ಒಂದು ಮಾರು ಒಳಗೆ ಒಂದು ಖಾಲಿ ಜೇನುಪೆಟ್ಟಿಗೆ, ಅದರ ಮೂಲೆಗೆ ರಕ್ತ. ಬಂದವನು ನಾದಿನಿಯನ್ನು ತಳ್ಳಿದ್ದ, ಅವಳು ಹಿಂದಕ್ಕೆ ಬಿದ್ದಿದ್ದಳು. ಆದರೆ ಹೊಸ್ತಿಲಿನಿಂದ ಒಳಗೆ ಒಂದೇ ಒಂದು ಮಣ್ಣಿನ ಹೆಜ್ಜೆಯೂ ಇರಲಿಲ್ಲ.

“ಆಮೇಲೆ ಬಾಗಿಲು?” ಎಂದು ಮೇಡಂ ಕೇಳಿದರು.

“ಅವನೇ ಎಳೆದು ಹೊರಗಿನಿಂದ ಚಿಲಕ ಹಾಕಿದ ಮೇಡಂ,” ಎಂದಳು ಜೇನಿನವಳು. “ನಾನು ಕಿಟಕಿ ದಾಟಿ ಹೊರಗೆ ಬಂದು ಚಿಲಕ ತೆಗೆದು, ಅವಳನ್ನ ಎತ್ಕೊಂಡು ಹೋಗಬೇಕಾಯ್ತು.”

“ಕೇಳಿದ್ರಾ ರೇಡಿಯೋ? ಸತ್ತೋರು ಚಿಲಕ ಹಾಕಿ ಹೋಗಲ್ಲ.”

ಜಗಲಿಯ ಮೇಲೆ ಬೂಟಿನ ಕೆಸರು ಒಣಗಿತ್ತು. ಬಂದವನು ಬಾಗಿಲಿಗೆ ನೇರ ನಿಂತಿರಲಿಲ್ಲ, ಒಂದು ಹೆಜ್ಜೆ ಎಡಕ್ಕೆ ಸರಿದು, ಕಂಬಕ್ಕೆ ಅಂಟಿಕೊಂಡ ಹಾಗೆ ನಿಂತಿದ್ದ. ಬಾಗಿಲು ತೆರೆಯಲೆಂದು ಕಾಯುವವರು ಯಾರೂ ಅಲ್ಲಿ ನಿಲ್ಲುವುದಿಲ್ಲ. ಮೇಡಂ ಕುಕ್ಕರುಗಾಲಲ್ಲಿ ಕೂತು ಕೆಸರನ್ನು ಉಗುರಿನಿಂದ ಕೆರೆದರು. ಕೆಳಗೆ ನೀಲಿ ಟೇಪಿನ ಎರಡು ತುಂಡು, ಅಡ್ಡಡ್ಡ ಅಂಟಿಸಿದ್ದವು.

“ಇದೇನು?”

“ಸಿನಿಮಾದೋರು ಅಂಟಿಸಿದ್ದು. ಮೊನ್ನೆ ಜನವರೀಲಿ ಇಲ್ಲಿ ಹೆದರಿಸೋ ಥರದ ಒಂದು ಸಿನಿಮಾ ತೆಗೆದ್ರು. ಒಂಟಿ ಮನೆಗೆ ಮುಸುಕಿನವನು ನುಗ್ಗೋ ಕತೆಯಂತೆ. ನಮ್ಮನ್ನ ಪೇಟೇಲಿ ಲಾಡ್ಜಲ್ಲಿ ಇಟ್ಟಿದ್ರು, ನಾವೇನೂ ನೋಡಿಲ್ಲ. ಆ ಟೇಪು ಎಷ್ಟು ಉಜ್ಜಿದ್ರೂ ಹೋಗ್ಲಿಲ್ಲ.”

ನಟ ಎಲ್ಲಿ ನಿಲ್ಲಬೇಕೆಂದು ಕ್ಯಾಮೆರಾದವರು ಹಾಕುವ ಗುರುತು ಅದು. ಎರಡು ಬೂಟೂ ಸರಿಯಾಗಿ ಅದರ ಮೇಲೆಯೇ ನಿಂತಿದ್ದವು. ಕತ್ತಲಲ್ಲಿ, ಕ್ಯಾಮೆರಾ ಇಲ್ಲದಿದ್ದರೂ, ಅವನ ಕಾಲು ತನ್ನ ಜಾಗವನ್ನು ತಾನೇ ಹುಡುಕಿಕೊಂಡಿತ್ತು. ಮೇಡಂ ಪಂಚನಾಮೆಯಲ್ಲಿ ಮಾತ್ರ ‘ನೀಲಿ ಟೇಪು, ಅಡ್ಡಡ್ಡ’ ಎಂದಷ್ಟೇ ಬರೆಸಿ, ಪಂಚರ ಸಹಿ ಹಾಕಿಸಿದರು.

ಮಾರನೆಯ ದಿನ ನಾದಿನಿಗೆ ಎಚ್ಚರ ಬಂತು. ವೈದ್ಯರು ಹೆಚ್ಚು ಮಾತಾಡಿಸಬೇಡಿ ಎಂದರು, ಅವಳೂ ಹೆಚ್ಚು ಹೇಳಲಿಲ್ಲ.

“ಯಾರದೋ ಮಗು ಕಷ್ಟದಲ್ಲಿದೆ ಅನ್ನಿಸ್ತು, ತೆಗೆದೆ. ಮುಖಕ್ಕೆ ಬಟ್ಟೆ ಕಟ್ಟಿದ್ದ. ನನ್ನ ನೋಡಿ ಅವನೇ ಬೆಚ್ಚಿಬಿದ್ದ. ‘ಯಾಕೆ ತೆಗೆದೆ? ಯಾಕೆ ತೆಗೆದೆ?’ ಅಂತ ತಳ್ಳಿದ. ಅಳ್ತಿದ್ದ ಮೇಡಂ.”

ಆಸ್ಪತ್ರೆಯ ಮುಂದೆ ಜೀಪಿನ ಬಾಗಿಲು ಸಿಕ್ಕಿಕೊಂಡಿತ್ತು. ರೇಡಿಯೋ ಒಳಗೆ ಕೂತು ಏನೋ ಹಾಡು ಗುನುಗುತ್ತಿದ್ದ.

“ರೀ, ಒಳಗಿನಿಂದ ಬಾಗಿಲು ತೆಗೀರಿ,” ಎಂದ ಮೇಡಂ, ಹಿಡಿಯ ಮೇಲೆ ಕೈಯಿಟ್ಟು ಹಾಗೇ ನಿಂತುಬಿಟ್ಟರು. “ರೇಡಿಯೋ, ಅವನು ‘ತೆಗೀರಿ’ ಅನ್ನಲಿಲ್ಲ. ‘ತೆಗಿ’ ಅಂದ.”

“ಕಳ್ಳನನ್ಮಗನಿಗೆ ಮರ್ಯಾದೆ ಎಲ್ಲಿಂದ ಬರ್ಬೇಕು ಮೇಡಂ?”

“ಕಳ್ಳ ಹೆದರಿಸೋನಾದ್ರೆ ‘ತೆಗಿಯೇ’ ಅಂತಾನೆ. ನಾಟಕ ಆಡೋನಾದ್ರೆ ‘ಅಮ್ಮಾ, ತೆಗೀರಿ’ ಅಂತಾನೆ. ‘ಅಮ್ಮಾ’ ಅಂತಲೂ ಅಂದು ‘ತೆಗಿ’ ಅಂತಲೂ ಅನ್ನೋದು ಯಾರು?”

“ಅದು ಬಿಡಿ, ನಾನು ಮನೆಗೆ ಲೇಟಾಗಿ ಹೋದಾಗ ದಿನಾ ನಮ್ಮಮ್ಮನಿಗೆ…” ಎಂದು ಶುರುಮಾಡಿದ ರೇಡಿಯೋ ಮಾತು ಅಲ್ಲಿಗೇ ನಿಲ್ಲಿಸಿದ. ಕೈಚಾಚಿ ಒಳಗಿನಿಂದ ಬಾಗಿಲು ತೆಗೆದ.

ಸಿನಿಮಾದವರು ಪೇಟೆಯ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ದನಿ ಜೋಡಿಸುವ ಕೆಲಸದಲ್ಲಿದ್ದರು. ನಿರ್ದೇಶಕ ನಿದ್ದೆಗೆಟ್ಟ ಕಣ್ಣಿನ ಗಡ್ಡದ ಮನುಷ್ಯ. ಪೊಲೀಸರನ್ನು ಕಂಡು ಮುಖ ಹುಳ್ಳಗೆ ಮಾಡಿದ.

“ಬಾಗಿಲ ಹೊರಗೆ ನಿಂತು ಮಾತಾಡೋನು ಯಾರು?”

“ಮುಸುಕಿನವನಾ? ಮುಸುಕಪ್ಪ ಅಂತೀವಿ ಅವನನ್ನ. ಹೆಸರಿಗೆ ನಟ ಅಷ್ಟೇ. ಮುಖ ಕಾಣಲ್ಲ, ಇರೋದೇ ಒಂದು ಮಾತು. ಅದನ್ನೂ ಕೆಡಿಸಿದ. ನಾನು ಬರೆದಿದ್ದು ‘ಅಮ್ಮಾ, ಬಾಗಿಲು ತೆಗೀರಿ’ ಅಂತ. ಕತೇಲಿ ಅಪರಿಚಿತ ಮನುಷ್ಯ ಸಾರ್ ಅವನು, ಛೆ, ಮೇಡಂ. ಎಷ್ಟು ಸಲ ತಿದ್ದಿದ್ರೂ ‘ತೆಗಿ’ ಅಂತಲೇ ಅಂದ. ಸಾಕಾಗಿ ಬೇರೆಯವನ ದನಿ ಹಾಕಿದ್ವಿ.”

“ಅವನ ದನಿ ಇದೆಯಾ?”

ದನಿ ಹಿಡಿಯುವ ಹುಡುಗಿ ಗುಂಡಿ ಒತ್ತಿದಳು. ಮೊದಲು ಗಾಳಿ, ದೂರದಲ್ಲೊಂದು ನಾಯಿ. ಆಮೇಲೆ ತೀರ ಹತ್ತಿರದಿಂದ, ಗಂಡಸಿನ ಗಂಟಲಲ್ಲಿ ಮಗುವಿನ ರಾಗ: “ಅಮ್ಮಾ, ಬಾಗಿಲು ತೆಗಿ.” ಮೇಡಂ ಜೊತೆ ಬಂದಿದ್ದ ಜೇನಿನವಳು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು ಗೋಡೆಗೆ ಒರಗಿದಳು. ಬೇರೆ ಗುರುತು ಬೇಕಾಗಲಿಲ್ಲ.

ಮುಸುಕಪ್ಪ ಚಿತ್ರೀಕರಣ ಇಲ್ಲದಾಗ ಬಟ್ಟೆ ಇಸ್ತ್ರಿ ಮಾಡುವವನು. ಮಾರ್ಚ್ ಹದಿನಾರರ ಮಧ್ಯಾಹ್ನ ಪೊಲೀಸರು ಅಂಗಡಿಗೆ ಹೋದಾಗ ಯಾರದೋ ಶರ್ಟಿನ ಕಾಲರು ಒತ್ತುತ್ತಿದ್ದ. ಮೂವತ್ತರ ಆಸುಪಾಸಿನ, ಬಡಕಲು ಮೈಯ, ನೋಡಿದರೆ ಕರುಳು ಚುರುಕ್ ಎನ್ನುವಂಥ ಮನುಷ್ಯ. ಓಡಲಿಲ್ಲ. ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಕಿತ್ತು, ಶರ್ಟು ಮಡಚಿಟ್ಟು, “ಆಯಮ್ಮ ಬದುಕಿದ್ದಾರಾ?” ಎಂದು ಕೇಳಿದ.

“ಬದುಕಿದ್ದಾರೆ.”

ಅವನು ಅಲ್ಲೇ ನೆಲದ ಮೇಲೆ ಕುಸಿದು ಕೂತ. ರೇಡಿಯೋನೇ ರಟ್ಟೆ ಹಿಡಿದು ಎಬ್ಬಿಸಬೇಕಾಯಿತು. ಬಂಧನದ ವಿಷಯ ತಿಳಿಸಬೇಕಾದವರು ಯಾರಾದರೂ ಇದ್ದಾರೆಯೇ ಎಂದಾಗ ಇಲ್ಲ ಎಂದ.

ಹೇಳಿಕೆ ಪಡೆಯುವ ಮೊದಲು ಮೇಡಂ ಅವನಿಗೆ ಟೀ ತರಿಸಿದರು. ಅವನು ಕುಡಿಯಲಿಲ್ಲ.

“ಆ ಮನೆಗೆ ಯಾಕೆ ಹೋಗ್ತಿದ್ದೆ?”

“ನಮ್ಮದೂ ಅಂಥದೇ ಮನೆ ಮೇಡಂ. ಒಂಟಿ. ನಂಗಾಗ ಎಂಟು ವರ್ಷ. ಕತ್ತಲಲ್ಲಿ ಕರು ಹುಡುಕ್ಕೊಂಡು ಹೋಗಿದ್ದೆ, ಮನೆಗೆ ನುಗ್ಗೋಕೆ ಬಂದೋರು ನನ್ನ ಹಿಡಿದ್ರು. ನಾಲ್ಕು ಜನ. ಅಮ್ಮ ಚಿಲಕ ಹಾಕ್ಕೊಂಡಿದ್ಲು. ಅವರು ಎಷ್ಟು ಬಡಿದ್ರೂ ತೆಗೆದಿರ್ಲಿಲ್ಲ. ನನ್ನ ಬಾಗಿಲ ಹತ್ರ ನಿಲ್ಲಿಸಿದ್ರು. ಕುತ್ತಿಗೆಗೆ ಕತ್ತಿ ಇಟ್ಟಿದ್ರು.”

“ನೀನು ಕರೆದೆ.”

“ಕರೆದೆ. ತೆಗೆದ್ಲು.”

ಹೇಳಿಕೆ ಬರೆಯುತ್ತಿದ್ದ ರೇಡಿಯೋ ತಲೆ ಎತ್ತಲಿಲ್ಲ.

“ಸಿನಿಮಾದಲ್ಲಿ ನಾನು ಕರೆದಾಗ ಆ ಬಾಗಿಲು ತೆಗೀಲಿಲ್ಲ ಮೇಡಂ. ಕತೆ ಹಾಗೇ ಇತ್ತು. ಆವತ್ತು ನಂಗೆ ನಿದ್ದೆ ಬಂತು. ಎಷ್ಟೋ ವರ್ಷ ಆದ ಮೇಲೆ. ಅದಕ್ಕೇ ಮತ್ತೆ ಹೋದೆ. ಆ ಮನೆಯ ಅಮ್ಮ ಗಟ್ಟಿ, ತೆಗೀಲೇ ಇಲ್ಲ. ಹೋದಾಗೆಲ್ಲ ಮನೆಗೆ ಬಂದು ಸತ್ತ ಹಾಗೆ ಮಲಗಿದೆ. ಮೊನ್ನೆ ಆ ಇನ್ನೊಬ್ಬರು ಯಾಕೆ ತೆಗೆದ್ರು? ತೆಗೆದವಳನ್ನ ಒಳಗೆ ತಳ್ಳಿ ಬಾಗಿಲು ಹಾಕಿಬಿಡ್ಬೇಕು ಅನ್ನೋದೊಂದೇ ತಲೇಲಿ ಇದ್ದಿದ್ದು.”

ಬೇರೆ ಠಾಣೆಯೊಂದಕ್ಕೆ ಫೋನು ಮಾಡಿದಾಗ ಅವನ ತಾಯಿಯ ಕೊಲೆಯ ಹಳೆಯ ಪ್ರಕರಣ ನಿಜವೆಂದು ತಿಳಿಯಿತು. ನಾಲ್ವರಿಗೂ ಶಿಕ್ಷೆಯಾಗಿತ್ತು. ಮಗುವಿನ ಬಗ್ಗೆ ಯಾರೂ ಹೆಚ್ಚು ವಿಚಾರಿಸಿರಲಿಲ್ಲ. ಜೇನಿನವಳಿಗೆ ಮೇಡಂ ತಾವೇ ಎಲ್ಲವನ್ನೂ ಹೇಳಿದರು. ಅವಳು, ಇವತ್ತು ಮನೆಗೆ ಹೋಗಿ ಮಲಗುತ್ತೇನೆ, ಆದರೆ ಕೇಸು ವಾಪಸು ತೆಗೆದುಕೊಳ್ಳುವುದಿಲ್ಲ ಎಂದಳು. ಮೇಡಂ, ತೆಗೆದುಕೊಳ್ಳಬೇಡಿ ಎಂದರು.

ಸಂಜೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಲು ಅವನನ್ನು ಜೀಪಿಗೆ ಹತ್ತಿಸಿದರು. ಮೇಡಂಗೆ ಮನಸ್ಸು ತಡೆಯಲಿಲ್ಲ.

“ನೋಡು, ಆಗ ಎಂಟು ವರ್ಷದ ಮಗು ನೀನು. ಅವರು ಹೇಳಿಸಿದ್ರು, ನೀನು ಹೇಳಿದೆ. ಅದರಲ್ಲಿ ನಿನ್ನದು ಏನೂ ಇಲ್ಲ.”

ಅವನು ಕೋಳ ಹಾಕಿದ ಕೈಗಳನ್ನೇ ನೋಡುತ್ತಾ ಕೂತಿದ್ದ.

“‘ಬಾಗಿಲು ತೆಗಿ’ ಅನ್ನು ಅಂತ ಮಾತ್ರ ಅವರು ಹೇಳಿದ್ದು ಮೇಡಂ,” ಎಂದ. “‘ಅಮ್ಮಾ’ ಅಂತ ನಾನೇ ಸೇರಿಸಿದೆ.”